ಬೇರೆ ಕೈ

ಮೆಹರೂನ್ ನದಾಫಳ ಬರಹಕ್ಕೆ ಕೆಂಪು ಬಿದ್ದಿದೆ ಎಂಬ ಸುದ್ದಿ ಹುಣಸಿಕೊಪ್ಪದ ಪ್ರೌಢಶಾಲೆಗೆ ಬಂದಾಗ ನೀಲಗಂಗಾ ಅಕ್ಕೋರು ಒಂಬತ್ತನೆಯ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದರು. ಹೆಡ್‌ಮಾಸ್ತರ ಕೊಟ್ರಗೌಡರು ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತರು. ಒಳ್ಳೆಯ ಸುದ್ದಿಯಾಗಿದ್ದರೆ ಒಳಗೇ ಬಂದುಬಿಡುವ ಮನುಷ್ಯ ಅವರು.

“ಅಕ್ಕೋರ, ಸ್ವಲ್ಪ ಹೊರಗ ಬರ್ರಿ.”

ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಅವರು ದನಿ ತಗ್ಗಿಸಿದರು. “ನಿಮ್ಮ ಮೆಹರೂನ್‌ಗ ಕಲ್ಲು ‘ಬೇರೆ ಕೈ’ ಅಂದೈತಿ.”

“ಯಾವ ಬರಹಕ್ಕ?”

“ಮೂರಕ್ಕೂ. ಒಂದಕ್ಕ ಅಂದಿದ್ರ ಏನಾರ ಹೇಳಿ ಸರಿ ಮಾಡಬಹುದಿತ್ತು.”

“ಆಕಿ ನನ್ನ ಮುಂದ ಕುಂತು ಬರದಾಳ್ರಿ ಸರ. ನಾ ಕಣ್ಣಾರೆ ನೋಡೇನಿ.”

“ನಿಮ್ಮ ಕಣ್ಣು ಯಾರಿಗೆ ಬೇಕಾಗೈತ್ರಿ,” ಎಂದರು ಕೊಟ್ರಗೌಡರು, ಬೇಸರದಿಂದಲೇ. “ಅವರಿಗೆ ನಿಮ್ಮ ಹೆಬ್ಬೆಟ್ಟು ಬೇಕಾಗೈತಿ, ಅಷ್ಟ.”

ಕಲ್ಲು ಎಂದರೆ ಒರೆಗಲ್ಲು. ಆ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಅದು. ಊರಿನವರ ಬಾಯಲ್ಲಿ ಬರಿಯ ಕಲ್ಲಾಗಿ ಉಳಿದಿತ್ತು. ಅದು ಬರುವ ಮುಂಚೆ ಕೆಲವು ವರ್ಷ ಮಕ್ಕಳು ಬರೆಯುವುದನ್ನೇ ಬಿಟ್ಟಿದ್ದರು. ಬರೆದುಕೊಡುವ ಯಂತ್ರ ಮನೆಮನೆಯಲ್ಲೂ ಇತ್ತು. ‘ನಾನು ಕಂಡ ಜಾತ್ರೆ’ ಎಂದು ಅದಕ್ಕೆ ಹೇಳಿದರೆ ಜಾತ್ರೆಗೇ ಹೋಗದ ಹುಡುಗನೂ ಚೆಂದದ ಪ್ರಬಂಧ ತಂದು ಮೇಜಿನ ಮೇಲೆ ಇಡುತ್ತಿದ್ದ. ನಕಲು ಹಿಡಿಯುವ ಹಳೆಯ ಉಪಕರಣಗಳು ಅದರ ಮುಂದೆ ಸೋತವು. ಆ ಯಂತ್ರ ಎಲ್ಲಿಂದಲೂ ಕದಿಯುತ್ತಿರಲಿಲ್ಲ, ಪ್ರತಿ ಸಲವೂ ಹೊಸದಾಗಿ ಹೆಣೆಯುತ್ತಿತ್ತು. ಕದ್ದ ಮಾಲೇ ಸಿಗದಿದ್ದರೆ ಕಳ್ಳನನ್ನು ಹಿಡಿಯುವುದು ಹೇಗೆ? ಕೊನೆಗೆ ಮಾಸ್ತರರೇ ಸರ್ಕಾರಕ್ಕೆ ಮೊರೆಹೋದರು.

ಒರೆಗಲ್ಲು ಬೇರೆ ದಾರಿ ಹಿಡಿಯಿತು. ಈ ಬರಹ ಎಲ್ಲಿಂದ ಬಂತು ಎಂದು ಅದು ಕೇಳಲಿಲ್ಲ. ಇದನ್ನು ಬರೆದವನು ನಿನ್ನೆ ಬರೆದವನೇ ಹೌದೋ ಎಂದು ಕೇಳಿತು. ಐದನೆಯ ತರಗತಿಗೆ ಬಂದ ಮಗುವಿಗೆ ಗಾಜಿನದೊಂದು ಪಾಟಿ ಕೊಡುತ್ತಿದ್ದರು. ಅದರ ಮೇಲೆ ಬರೆದ ಪ್ರತಿಯೊಂದು ಮಾತೂ ಜಿಲ್ಲೆಯ ಒರೆಗಲ್ಲು ಕೇಂದ್ರಕ್ಕೆ ಹೋಗುತ್ತಿತ್ತು. ಈ ಮಗುವಿನ ವಾಕ್ಯ ಎಷ್ಟು ಉದ್ದ, ಯಾವ ಪದ ಮೇಲಿಂದ ಮೇಲೆ ಬರುತ್ತದೆ, ಯಾವ ತಪ್ಪು ತಪ್ಪದೆ ಬೀಳುತ್ತದೆ, ಇದನ್ನೆಲ್ಲ ಕೂಡಿಸಿ ಯಂತ್ರ ಪ್ರತಿ ಮಗುವಿಗೂ ಒಂದು ಗುರುತು ಕಟ್ಟುತ್ತಿತ್ತು. ಹತ್ತನೆಯ ತರಗತಿಯ ಕೊನೆಗೆ ಮಕ್ಕಳು ‘ಸ್ವಂತ ಬರಹ’ ಎಂದು ಮೂರು ಪ್ರಬಂಧ ಒಪ್ಪಿಸಬೇಕು. ಗುರುತಿಗೆ ಹೊಂದಿದರೆ ಹಸಿರು. ಹೊಂದದಿದ್ದರೆ ಕೆಂಪು, ಅದರ ಕೆಳಗೆ ಎರಡೇ ಪದ, ಬೇರೆ ಕೈ. ಕೆಂಪು ಬಿದ್ದವರಿಗೆ ಆ ವರ್ಷ ಕಾಲೇಜಿಲ್ಲ. ಕೊನೆಯ ಮಾತು ಮನುಷ್ಯರದೇ ಆಗಿರಬೇಕೆಂದು ಕಾನೂನು ಮಾಡಿದವರು ಹೇಳಿದ್ದರಿಂದ, ತೀರ್ಪಿನ ಕೆಳಗೆ ‘ಒಪ್ಪಿದೆ’ ಎಂದು ಶಿಕ್ಷಕರು ಹೆಬ್ಬೆಟ್ಟು ಒತ್ತಬೇಕಿತ್ತು. ‘ಒಪ್ಪಿಲ್ಲ’ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಮೊದಲ ವರ್ಷ ಕೆಂಪು ಬಿದ್ದದ್ದು ಯಂತ್ರದಿಂದ ಬರೆಸಿದವರಿಗೆ. ಆಮೇಲಾಮೇಲೆ ಕಲಿತವರಿಗೂ ಬೀಳತೊಡಗಿತು. ಐದನೆಯದರಲ್ಲಿ ‘ಬಾರತ’ ಎಂದು ಬರೆದವನು ಹತ್ತನೆಯದರಲ್ಲಿ ‘ಭಾರತ’ ಎಂದು ಬರೆದರೆ ಕಲ್ಲಿಗೆ ಅನುಮಾನ. ಒಂದೆರಡು ಬದಲಾವಣೆಗೆ ಅದು ಕಣ್ಣು ಮುಚ್ಚುತ್ತಿತ್ತು. ಆದರೆ ಯಾರಿಗೆ ಎಷ್ಟು ಬದಲಾವಣೆ ದಕ್ಕುತ್ತದೆ ಎಂಬುದು ಯಾರಿಗೂ ತಿಳಿಯದು. ಹೀಗಾಗಿ ಮಕ್ಕಳು ತಮ್ಮ ತಪ್ಪುಗಳನ್ನು ಜೋಪಾನ ಮಾಡತೊಡಗಿದರು.

“ಫಕೀರೇಶಾ, ಭಾರತದ ಭಕ್ಕ ಹೊಟ್ಟಿ ಸೀಳಬೇಕಪ್ಪಾ,” ಎಂದು ಅಕ್ಕೋರು ಒಮ್ಮೆ ಹಿಂದಿನ ಸಾಲಿನ ಹುಡುಗನಿಗೆ ಹೇಳಿದ್ದರು.

“ನಂಗೊತ್ತೈತ್ರಿ ಅಕ್ಕೋರ. ಆದ್ರ ಸೀಳಂಗಿಲ್ರಿ. ಐದನೇತ್ತಿಂದ ಹಿಂಗ ಬರಕೋತ ಬಂದೀನಿ. ಈಗ ಅದರ ಹೊಟ್ಟಿ ಸೀಳಿದ್ರ ಕಲ್ಲು ನನ್ನ ಹೊಟ್ಟಿ ಸೀಳತೈತಿ.”

ತರಗತಿ ನಕ್ಕಿತ್ತು. ಅಕ್ಕೋರೂ ನಕ್ಕಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಆ ನಗು ಬಾಯಿಗೆ ಒಗರಾಗಿತ್ತು. ತಾಲೂಕು ಊರಿನ ಟ್ಯೂಶನ್ ಮನೆಯ ಮೇಲೆ ಒಂದು ಬೋರ್ಡು ನೇತಾಡುತ್ತಿತ್ತು: ‘ನಿಮ್ಮ ಮಗುವಿನ ತಪ್ಪುಗಳು ನಮ್ಮಲ್ಲಿ ಸುರಕ್ಷಿತ’. ಪಾಲಕರ ಸಭೆಗೆ ಬಂದ ತಾಯಂದಿರು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳುತ್ತಿದ್ದರು, “ಅಕ್ಕೋರ, ನಮ್ಮ ಹುಡುಗಗ ಹೊಸದೇನೂ ಕಲಸಬ್ಯಾಡ್ರಿ. ಪಾಸಾಗ್ಲಿ.” ಮಕ್ಕಳ ಬರಹ ತಿದ್ದಿದರೆ ಶಿಕ್ಷಕರ ಕೈ ಬೆರೆತಂತಾಗುತ್ತದೆ, ತಿದ್ದಬಾರದು ಎಂದು ಮೇಲಿನಿಂದ ಸುತ್ತೋಲೆಯೂ ಬಂದಿತ್ತು. ಬದುಕೆಲ್ಲ ತಿದ್ದುವುದರಲ್ಲೇ ಕಳೆದ ಹೆಂಗಸಿಗೆ ತಿದ್ದಬೇಡ ಎಂದರೆ, ಸೂಲಗಿತ್ತಿಗೆ ಕೈ ಹಚ್ಚಬೇಡ ಎಂದ ಹಾಗೆ. ನೀಲಗಂಗಾ ಅಕ್ಕೋರು ಬಾಯಿಂದ ತಿದ್ದುವುದನ್ನು ಬಿಟ್ಟಿರಲಿಲ್ಲ.

ಕೊಟ್ರಗೌಡರ ಕೋಣೆಯಲ್ಲಿ ಪರದೆಯ ಮೇಲೆ ಮೆಹರೂನ್‌ಳ ಹೆಸರಿತ್ತು. ಕೆಂಪಿನ ಕೆಳಗೆ ಯಂತ್ರ ಕಾರಣ ಕೊಟ್ಟಿತ್ತು. ವಾಕ್ಯದ ಉದ್ದ ಕಾಲುಭಾಗಕ್ಕೆ ಇಳಿದಿದೆ. ಹಳೆಯ ಕಾಗುಣಿತ ದೋಷಗಳು ಕಾಣುವುದಿಲ್ಲ. ‘ಮತ್ತು’ ಎಂಬ ಪದ ಹಿಂದೆ ಹೇರಳ, ಈಗ ಒಂದೂ ಇಲ್ಲ.

ಅಕ್ಕೋರು ಆ ಕೊನೆಯ ಸಾಲನ್ನು ಎರಡು ಸಲ ಓದಿದರು.

“ಒತ್ತಿಬಿಡ್ರಿ ಅಕ್ಕೋರ,” ಎಂದರು ಕೊಟ್ರಗೌಡರು. “ಒತ್ತಲಿಲ್ಲಂದ್ರ ಕೇಂದ್ರಕ್ಕ ವಿಚಾರಣೆಗೆ ಕರೀತಾರ. ಹುಡುಗೀನ್ನೂ ಕರಕೊಂಡ ಹೋಗಬೇಕು.”

“ಹೋಗೂಣಂತ.”

“ನಿವೃತ್ತಿಗೆ ಬಂದೀರಿ. ಸುಮ್ನ ಯಾಕ ಮೈಮ್ಯಾಲ ಹಾಕ್ಕೋತೀರಿ?”

“ನಿವೃತ್ತಿಗೆ ಬಂದಾಕೀನ್ನ ಹೆದರಸಾಕ ಏನ ಉಳದೈತ್ರಿ ಸರ?”

ಕೊಟ್ರಗೌಡರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕಾರ್ತಿಕ ಮಾಸದಲ್ಲಿ ಅಕ್ಕೋರ ಯಜಮಾನರು ಶಿವಪುತ್ರಪ್ಪನವರು ಲಿಂಗೈಕ್ಯರಾದಾಗ ಗುಂಡಿಯ ಅಂಚಿನಲ್ಲಿ ಅವರೂ ನಿಂತಿದ್ದವರೇ. ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಆ ಹಿರಿಯನನ್ನು ಮಣ್ಣಿಗೆ ಕೂರಿಸಿದಾಗ ಈ ಹೆಂಗಸು ಒಂದು ಹನಿ ಕಣ್ಣೀರು ಹಾಕದೆ ವಿಭೂತಿ ಗಟ್ಟಿಯನ್ನು ಎತ್ತಿಕೊಟ್ಟದ್ದನ್ನು ಕಂಡಿದ್ದರು. ಅಂಥವರಿಗೆ ಸುತ್ತೋಲೆ ಓದಿ ಹೇಳುವುದು ಅವರಿಂದಾಗಲಿಲ್ಲ.

ಸಂಜೆ ಅಕ್ಕೋರು ನದಾಫರ ಮನೆಗೆ ಹೋದರು. ಹೊರಗಿನ ಪಡಸಾಲೆಯ ತುಂಬ ಹತ್ತಿ. ಮೆಹರೂನ್‌ಳ ತಾಯಿ ಖಾತುನಬಿ ಗಾದಿಯೊಂದನ್ನು ಹರವಿ ದಬ್ಬಣದಿಂದ ಹೊಲಿಯುತ್ತಿದ್ದಳು, ಮಗಳು ಎದುರಿಗೆ ಕುಳಿತು ದಾರ ಬಿಡಿಸುತ್ತಿದ್ದಳು. ಹತ್ತಿ ಹಿಂಜುವ ಬಿಲ್ಲು ಗೋಡೆಯ ಗೂಟಕ್ಕೆ ತೂಗುಬಿದ್ದಿತ್ತು. ಅವಳ ತಂದೆ ಲಾಡಸಾಬ ಹೋದ ವರ್ಷ ಬೇಸಿಗೆಯ ಮೊದಲಲ್ಲಿ ತೀರಿಕೊಂಡಿದ್ದ. ಹತ್ತಿಯ ದೂಳು ಎದೆಯಲ್ಲಿ ಕೂತಿತ್ತು ಎಂದಿದ್ದರು ಡಾಕ್ಟರು.

ಸುದ್ದಿ ಆಗಲೇ ಮನೆ ಮುಟ್ಟಿತ್ತು. ಖಾತುನಬಿ ದಬ್ಬಣ ಚುಚ್ಚಿಟ್ಟು ಎದ್ದಳು.

“ಇಕಿ ಏನ್ ತಪ್ಪು ಮಾಡ್ಯಾಳ್ರಿ ಅಕ್ಕೋರ?”

“ತಪ್ಪು ಮಾಡಿಲ್ಲ. ಅದಕ್ಕ ತ್ರಾಸ ಆಗೈತಿ.” ಅಕ್ಕೋರು ಗಾದಿಯ ಅಂಚಿನಲ್ಲೇ ಕುಳಿತರು. “ಮೆಹರೂನ್, ಒಂದ ಮಾತ ಕೇಳ್ತೀನಿ. ಮೊದಲ ನಿನ್ನ ಬರಹದಾಗ ಎಲ್ಲಿ ನೋಡಿದ್ರೂ ‘ಮತ್ತು’. ನಾ ಎಷ್ಟ ಸಲ ಬೈದೀನಿ, ವಾಕ್ಯ ಮುಗಸವಾ, ಉಸರು ಹಿಡದು ಸಾಯ್ತೀನಿ ಅಂತ. ಈಗ ಒಂದೂ ಇಲ್ಲ. ಯಾಕ?”

ಹುಡುಗಿ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಅಪ್ಪ ಕೇಳ್ತಿದ್ದ ಅಕ್ಕೋರ.”

“ಏನ ಕೇಳ್ತಿದ್ದ?”

“ನಾ ಬರಿಯೂವಾಗ ಅಂವ ಇಲ್ಲೇ ಬಿಲ್ಲು ಹೊಡೀತಿದ್ದ. ಅಂವಗ ಓದಾಕ ಬರೂದಿಲ್ಲ. ಅದಕ್ಕ ನಾ ಬರಕೋತ ಬಾಯಿಲೆ ಹೇಳ್ಬೇಕು. ನಾ ನಿಂತೆ ಅಂದ್ರ ಅಂವ ‘ಮತ್ತ?’ ಅಂತಿದ್ದ. ನಾ ‘ಮತ್ತು’ ಅಂತ ಬರದು ಮುಂದ ಹೇಳ್ತಿದ್ದೆ. ಮತ್ತ ನಿಂತ್ರ, ಮತ್ತ ‘ಮತ್ತ?’.” ಅವಳು ತಲೆ ಎತ್ತಲಿಲ್ಲ. “ಈಗ ಯಾರೂ ಕೇಳೂದಿಲ್ಲ. ಅದಕ್ಕ ವಾಕ್ಯ ಅಲ್ಲೇ ಮುಗೀತಾವು.”

ಖಾತುನಬಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಟು ನಿಂತಾಗ ಖಾತುನಬಿ ಅಂಗಳದ ತನಕ ಬಂದಳು. “ಅಕ್ಕೋರ, ಅಲ್ಲಿ ಕೇಂದ್ರದಾಗ ಇನ್ನೊಮ್ಮೆ ಬರಸ್ತಾರಂತ. ಹಳೇದರಂಗ ಬರದ್ರ ಹಸಿರು ಬರತೈತಂತ. ಓಣ್ಯಾಗ ಎಲ್ಲಾರೂ ಅಂತಾರ. ಹಾಸ್ಟೆಲ್‌ನ್ಯಾಗ ಇದ್ದು ವಿಜ್ಞಾನ ಓದ್ಲಿ ಅಂತ ಆಕಿ ಅಪ್ಪಂದು ಒಂದ ಆಸೆ ಇತ್ತು. ಹಸಿರು ಬಂದದ್ದಕ್ಕ ಹೆಬ್ಬೆಟ್ಟು ಒತ್ತಿ ಕರಕೊಂಡ ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳೂದು ಬ್ಯಾಡವಾ. ಹಸಿರು ಬಂದ್ರ ಒತ್ತೇನಿ,” ಎಂದರು ಅಕ್ಕೋರು.

ವಿಚಾರಣೆಯ ದಿನ ಬೆಳಿಗ್ಗೆ ಅಕ್ಕೋರು ಎಂದಿನಂತೆ ಪೂಜೆಗೆ ಕುಳಿತರು. ಎಡಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ಒಂದೇ ಒಂದು ಬಿಲ್ವಪತ್ರೆ. ಯಜಮಾನರಿದ್ದಾಗ ಅಕ್ಕೋರ ಪೂಜೆ ಊರಿಗೆಲ್ಲ ಕೇಳುವಂಥದು: ಮಂಗಳಾರತಿ, ಸ್ತೋತ್ರ, ಸೊಸೆಯ ಹೆರಿಗೆ, ಮೊಮ್ಮಗನ ಜ್ವರ, ಎಲ್ಲವನ್ನೂ ಶಿವನಿಗೆ ವಿವರವಾಗಿ ಒಪ್ಪಿಸುತ್ತಿದ್ದರು. “ಸಾಕ ಮಾಡ, ಅವನಿಗೂ ಬ್ಯಾರೆ ಮನಿ ಅದಾವು,” ಎಂದು ಶಿವಪುತ್ರಪ್ಪನವರು ಹೊರಗಿನಿಂದ ಕೂಗುತ್ತಿದ್ದರು. ಈಗ ಮಾತೇ ಬಾರದು. ಲಿಂಗವನ್ನು ನೋಡುತ್ತ ಕೂರುವುದು, ಒಮ್ಮೆ ‘ಶಿವನೇ’ ಎನ್ನುವುದು, ಮುಗಿಯಿತು.

ಅವತ್ತು ಅಂಗೈಯಲ್ಲಿದ್ದ ಆ ಲಿಂಗವನ್ನು ನೋಡುತ್ತಿದ್ದಾಗ ಅವರಿಗೆ ಒಂದು ವಿಚಾರ ಹೊಳೆಯಿತು. ಇಷ್ಟು ತಿಂಗಳಲ್ಲಿ ಒಂದು ದಿನವಾದರೂ ಇವನು, ‘ನೀನು ಹಿಂದಿನವಳಲ್ಲ, ಇದು ಬೇರೆ ಬಾಯಿ’ ಎಂದನೇ? ಆಗಿನ ಮಾತಿನ ಮಳೆಯನ್ನು ಕೇಳಿದವನು ಈಗಿನ ಒಂದು ಹನಿಯನ್ನೂ ಅದೇ ಬಾಯಿಯದು ಎಂದು ತೆಗೆದುಕೊಂಡ. ಹಾಗಾದರೆ ಇವನಿಗಿಂತ ಹೆಚ್ಚು ತಿಳಿದವರು ಯಾರು ಅಲ್ಲಿ ಕೂತಿದ್ದಾರೆ? ಅಕ್ಕೋರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದರು. ಹಣೆಯ ವಿಭೂತಿ ಅಂದು ಎಂದಿಗಿಂತ ಅಗಲವಾಗಿತ್ತು.

ಒರೆಗಲ್ಲು ಕೇಂದ್ರ ತಣ್ಣಗಿತ್ತು. ಉದ್ದನೆಯ ಕೋಣೆ, ಗೋಡೆಯ ತುಂಬ ಪರದೆ. ಜಿಲ್ಲೆಯ ಶಾಲೆಗಳ ಹೆಸರುಗಳ ಮುಂದೆ ಹಸಿರು ಚುಕ್ಕೆಗಳು ಹೊಲದ ಪೈರಿನ ಹಾಗೆ ಹರಡಿದ್ದವು. ಅಲ್ಲೊಂದು ಇಲ್ಲೊಂದು ಕೆಂಪು. ಪರಿಶೀಲನಾಧಿಕಾರಿ ಗುರುಶಾಂತ ಬಳಿಗಾರ ಎದ್ದು ನಿಂತು ಕೈಮುಗಿದ. ಇನ್ನೂ ಹರೆಯದವನು, ಒಳ್ಳೆಯ ಮನೆತನದ ನಡವಳಿಕೆ. ಮೆಹರೂನ್‌ಗೂ ಕುರ್ಚಿ ಎಳೆದುಕೊಟ್ಟ, ನೀರು ತರಿಸಿದ.

“ಅಕ್ಕೋರ, ಯಂತ್ರದ ಮ್ಯಾಲೆ ನಿಮಗ ಸಿಟ್ಟೈತಿ ಅಂತ ಗೊತ್ತೈತಿ. ಆದ್ರ ಅದು ಭಾಳ ಸಾದಾ ಕೆಲಸ ಮಾಡತೈತ್ರಿ. ಕತ್ತಲಾಗ ಹೆಜ್ಜಿ ಸಪ್ಪಳ ಕೇಳಿ ಬಂದಾಂವ ನಮ್ಮಂವ ಅಂತ ನಾವು ಹೇಳೂದಿಲ್ಲೇನು? ಹಂಗ. ಪ್ರತಿಯೊಬ್ಬರ ವಾಕ್ಯಕ್ಕೂ ಒಂದ ನಡಿಗಿ ಇರತೈತಿ.”

“ಚಲೋ ಹೇಳಿದ್ರಿ,” ಎಂದರು ಅಕ್ಕೋರು. “ಹೊರಗ ಹೋದಾಂವನ ಕಾಲಿಗೆ ಮುಳ್ಳು ಮುರದು ಕುಂಟಕೋತ ಬಂದ್ರ, ನಡಿಗಿ ಬದಲಾಗೈತಿ ಅಂತ ಮನಿಯವ್ರು ಬಾಗಲಾ ತಗಿಯೂದಿಲ್ಲೇನು?”

ಬಳಿಗಾರ ನಕ್ಕ. “ಅದಕ್ಕ ಇನ್ನೊಂದ ಅವಕಾಶ ಇಟ್ಟೀವ್ರಿ. ಇಲ್ಲೇ, ನಮ್ಮ ಮುಂದ ಕುಂತು, ಆ ಮೂರರಾಗಿನ ಒಂದ ವಿಷಯದ ಮ್ಯಾಲೆ ಬರೀಲಿ. ಹಸಿರು ಬಂದ್ರ ಹಳೇ ಕೆಂಪು ರದ್ದು.” ಅವನು ಮೆಹರೂನ್ ಕಡೆ ಬಾಗಿದ. “ತಂಗೀ, ನಿನಗ ನಾ ಉಪಾಯ ಹೇಳಬಾರದು. ಆದ್ರೂ ಹೇಳ್ತೀನಿ. ಮೊದಲ ಹೆಂಗ ಬರೀತಿದ್ದಿ, ಹಂಗ ಬರಿ. ಭಾಳ ವಿಚಾರ ಮಾಡಬ್ಯಾಡ.”

ವಿಷಯ ‘ನಮ್ಮ ಮನೆ’. ಮೆಹರೂನ್ ಪಾಟಿಯನ್ನು ಹತ್ತಿರ ಎಳೆದುಕೊಂಡಳು. ಮೊದಲು ಏನೂ ಬರೆಯಲಿಲ್ಲ. ಆಮೇಲೆ ಅವಳ ತುಟಿ ಅಲುಗಾಡಿತು. ಸದ್ದಿಲ್ಲದೆ ಏನನ್ನೋ ಕೇಳಿಕೊಂಡಳು, ಬರೆದಳು, ಮತ್ತೆ ತುಟಿ ಅಲುಗಿತು, ಮತ್ತೆ ಬರೆದಳು. ಅಕ್ಕೋರಿಗೆ ಅದು ಏನೆಂದು ತಿಳಿಯಿತು. ಅವರು ಕಿಟಕಿಯ ಕಡೆ ನೋಡುತ್ತ ಕುಳಿತರು.

ಅವಳು ಮುಗಿಸುವ ಮೊದಲೇ ಪರದೆಯ ಮೇಲೆ ಹಸಿರು ಬಂದಿತ್ತು.

“ನೋಡ್ರಿ,” ಎಂದ ಬಳಿಗಾರ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. “ಹುಡುಗಿ ಆಕೀನ ಹೌದು. ನಡುವ ಏನೋ ದಾರಿ ತಪ್ಪಿತ್ತು, ಅಷ್ಟ. ಬರ್ರಿ ಅಕ್ಕೋರ, ಒಪ್ಪಿದೆ ಅಂತ ಒತ್ತಿಬಿಡ್ರಿ. ಸಂಜೀಗೆ ಕಾಲೇಜಿನ ಸೀಟಿನ ಬಾಗಲಾ ಮುಚ್ಚತಾರ. ಅದಕ್ಕಿಂತ ಮೊದಲ ನಾ ಕಳಸ್ತೀನಿ.”

ಅಕ್ಕೋರು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಒತ್ತುವ ಮುಂಚೆ ಓದುವುದು ಅವರ ಅಭ್ಯಾಸ; ಓದಿದರು.

‘ನಮ್ಮ ಮನೆ ಸನ್ನದು ಮತ್ತು ಅದರ ತುಂಬ ಹತ್ತಿ ಇದೆ ಮತ್ತು ನಮ್ಮಪ್ಪ ಬಿಲ್ಲು ಹೊಡೆದಾಗ ಹತ್ತಿ ಹಾರಿ ಅವನ ಮೀಸೆಯ ಮೇಲೆ ಕೂರುತ್ತದೆ ಮತ್ತು ನಮ್ಮವ್ವ ಅವನನ್ನು ಮುದುಕಪ್ಪಾ ಎಂದು ಕರೆಯುತ್ತಾಳೆ ಮತ್ತು ನಮ್ಮಪ್ಪ ನಗುತ್ತಾನೆ ಮತ್ತು’

ಅಲ್ಲಿಗೆ ನಿಂತಿತ್ತು. ಕೆಂಪು ಬಿದ್ದ ಬರಹವೂ ಪಕ್ಕದಲ್ಲೇ ಇತ್ತು. ಅಕ್ಕೋರು ಅದನ್ನೂ ಓದಿದರು.

‘ಮನೆಯಲ್ಲಿ ಹತ್ತಿ ಇದೆ. ಬಿಲ್ಲು ಗೋಡೆಯ ಮೇಲಿದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಅವ್ವ ಹೊಲಿಯುತ್ತಾಳೆ. ನಾನು ದಾರ ಕೊಡುತ್ತೇನೆ. ಸಣ್ಣ ಮನೆ ಈಗ ದೊಡ್ಡದಾಗಿದೆ.’

ಖಾತುನಬಿಗೆ ಕೊಟ್ಟ ಮಾತು ಅಕ್ಕೋರ ನೆನಪಿನಲ್ಲಿತ್ತು. ಹೆಬ್ಬೆರಳು ಪರದೆಯ ಗಾಜಿನ ಹತ್ತಿರವೇ ಇತ್ತು.

“ಮೆಹರೂನ್,” ಎಂದರು, “‘ಸಣ್ಣ’ ಅನ್ನೂದು ಯಾವ ಣಕಾರ?”

“ದೊಡ್ಡ ಣ ಅಕ್ಕೋರ.”

“ಮತ್ತ ಇಲ್ಲಿ ಯಾಕ ಹಿಂಗ ಬರದಿ?”

“ಎಂಟನೇತ್ತಾಗ ಹಂಗ ಬರೀತಿದ್ದೆ.”

“ನಿಮ್ಮಪ್ಪ ನಗುತ್ತಾನೆ ಅಂತ ಬರದೀಯಲ್ಲವಾ.”

ಹುಡುಗಿ ಪಾಟಿಯನ್ನು ಎದೆಗೆ ಎತ್ತಿಕೊಂಡಳು. “ಅಂವ ಇದ್ರ ಹಸಿರು ಬರತಿತ್ತು. ಅದಕ್ಕ ಅವನ್ನ ಕರದೆ. ‘ಮತ್ತ?’ ಅಂತ ನಾನ ಅಂದೆ, ನಾನ ಬರದೆ. ಅವನ ದನೀ ನಾನ ತಗದೆ ಅಕ್ಕೋರ.” ಆಮೇಲೆ ಸ್ಪಷ್ಟವಾಗಿ, ಅಧಿಕಾರಿಯ ಕಡೆ ತಿರುಗಿ ಹೇಳಿದಳು: “ಇದು ಕಾಪಿ ಸರ್.”

“ಕಾಪಿ?” ಬಳಿಗಾರ ಸುತ್ತ ನೋಡಿದ. “ಯಾರದು ಕಾಪಿ? ಇಲ್ಲಿ ನಿನ್ನ ಬಿಟ್ರ ಯಾರ ಅದಾರ?”

“ಎಂಟನೇತ್ತ ಮೆಹರೂನಂದು. ಆ ಹುಡುಗಿ ಬರದದ್ದನ್ನ ನೆನಪಿಲೆ ನೋಡಿ ಬರದೀನಿ. ತಪ್ಪ ಸೈತ ಹಂಗ ಇಳಿಸೀನಿ. ಕೆಂಪು ಬಿದ್ದದ್ದು ನಂದು.”

“ತಂಗೀ, ನಿನ್ನ ಹಳೇ ಬರಹ ನಿಂದ ಅಲ್ಲೇನು?”

“ಪೂರಾ ನಂದಲ್ರಿ. ಅದರಾಗ ಅಪ್ಪನೂ ಅದಾನ. ಅದಕ್ಕ ಬೇರೆ ಕೈ ಐತಿ ಅಂದ್ರ ಹೂಂ ಅಂತೀನಿ. ಈಗಿನದಕ್ಕ ಅನ್ನಬ್ಯಾಡ್ರಿ. ಈಗಿನದರಾಗ ನಾ ಒಬ್ಬಾಕೀನ ಅದೀನಿ.”

ಅಕ್ಕೋರು ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿಕೊಂಡರು.

ಬಳಿಗಾರ ಕುರ್ಚಿಯನ್ನು ಹುಡುಗಿಯ ಹತ್ತಿರ ಎಳೆದುಕೊಂಡ. ದನಿ ಅಣ್ಣನದಾಯಿತು. “ಕೇಳು. ನೀ ಅಂದದ್ದನ್ನ ನಾ ಕೇಳೇ ಇಲ್ಲ ಅಂತ ತಿಳಿ. ಒಂದ ಮಾತು ನುಂಗಿಬಿಡು. ಸೀಟು ನಿಂದು, ಹಾಸ್ಟೆಲ್ ನಿಂದು.”

“ಒಂದ ನುಂಗೀನ್ರಿ ಸರ್. ಸತ್ತ ಅಪ್ಪ ನಗತಾನ ಅಂತ ಬರದೀನಿ. ಇನ್ನೊಂದ ನುಂಗಾಕ ಆಗೂದಿಲ್ಲ.”

“ಈ ವರ್ಷ ಸೀಟು ಹೋಗತೈತಿ.”

“ಹೋಗ್ಲಿ. ಗಾದಿ ಹೊಲಕೋತ ಓದ್ತೀನಿ. ಬರೂ ವರ್ಷ ಮತ್ತ ಬರೀತೀನಿ.”

“ಬರೂ ವರ್ಷಾನೂ ಕೆಂಪು ಬಂದ್ರ?”

“ಅದರ ಮುಂದಿನ ವರ್ಷ ಬರೀತೀನಿ.”

ಬಳಿಗಾರ ಸಹಾಯ ಕೇಳುವವನಂತೆ ಅಕ್ಕೋರ ಮುಖ ನೋಡಿದ. “ನೀವರೆ ಬುದ್ಧಿ ಹೇಳ್ರಿ. ಸಣ್ಣ ಹುಡುಗಿ. ಹಟಕ್ಕ ಬಿದ್ದಾಳ.”

ಅಕ್ಕೋರಿಗೆ ಆ ಕ್ಷಣದಲ್ಲಿ ಎಲ್ಲವೂ ಕಂಡಿತು: ಹಾಸ್ಟೆಲ್ಲಿನ ಖಾಲಿ ಮಂಚ, ಖಾತುನಬಿಯ ಮುಖ, ಊರಿನವರು ಆಡುವ ಮಾತು. ಇದರ ಭಾರ ಹೊರುವವಳು ಈ ಹುಡುಗಿ, ತಾನಲ್ಲ. ಹಟ ಮಾಡುವ ಹಕ್ಕು ಮುದುಕರಿಗೆ ಅಗ್ಗವಾಗಿ ಸಿಗುತ್ತದೆ. ಅವರು ಕಳೆದುಕೊಳ್ಳುವುದು ಕಡಿಮೆ. ಅದಕ್ಕೇ ಅವರು ಕೇಳಿದರು.

“ಮೆಹರೂನ್, ನಿಮ್ಮವ್ವಗ ನಾ ಮಾತ ಕೊಟ್ಟೀನಿ. ಹಸಿರು ಬಂದ್ರ ಒತ್ತತೀನಿ ಅಂತ. ನೀ ಹೂಂ ಅಂದ್ರ ಈಗ ಒತ್ತತೀನಿ. ನನಗೇನೂ ಬ್ಯಾಸರಿಲ್ಲ, ನಾಳೆ ನಿನ್ನ ಮ್ಯಾಲೆ ಸಿಟ್ಟೂ ಇಲ್ಲ. ಹೇಳು.”

“ಒತ್ತಬ್ಯಾಡ್ರಿ ಅಕ್ಕೋರ.”

“ನಿಮ್ಮವ್ವ ಅಳತಾಳ.”

“ಅಳತಾಳ. ನಾ ಓದಿ ಹೇಳ್ತೀನಿ ಆಕಿಗೆ, ಎರಡೂ. ಆಮ್ಯಾಲೆ ಆಕಿ ನನ್ನ ಬಯ್ಯೂದಿಲ್ಲ.”

ಅಕ್ಕೋರು ತಲೆದೂಗಿದರು. ಅಧಿಕಾರಿಯ ಕಡೆ ತಿರುಗಿದಾಗ ಅವರ ದನಿ ತರಗತಿಯ ದನಿಯಾಗಿತ್ತು.

“ಬಳಿಗಾರ, ನಿಮ್ಮ ನಿಯಮದಾಗ ಕಾಪಿ ಅಂತ ವಿದ್ಯಾರ್ಥಿನ ಒಪ್ಪಿಕೊಂಡ್ರ ಏನ ಮಾಡ್ತೀರಿ?”

“ಬರಹ ರದ್ದು ಮಾಡಬೇಕ್ರಿ.”

“ಹಸಿರು ಬಂದಿದ್ರೂ?”

“ಹಸಿರು ಇಲ್ಲೀತನಕ ರದ್ದಾಗಿಲ್ಲ ಅಕ್ಕೋರ. ಹಸಿರು ಅಂದ್ರನ ಕಾಪಿ ಅಲ್ಲ ಅಂತ.”

“ಇವತ್ತ ಆತಲ್ಲ. ಯಾವುದು ಕಾಪಿನೋ ಅದಕ್ಕ ನಿಮ್ಮ ಕಲ್ಲು ಹಸಿರು ತೋರಿಸ್ತು. ಯಾವುದು ಸ್ವಂತದ್ದೋ ಅದಕ್ಕ ಕೆಂಪು. ನಿಮ್ಮ ಎದುರಿಗೇ ಆತು. ಇಕಿ ಬಾಯಿಲೆ ಹೇಳಿದ್ಲು, ನಾ ಸಾಕ್ಷಿ. ಈಗ ವರದಿ ಬರೀರಿ.”

ಬಳಿಗಾರನ ಕೈ ಮೇಜಿನ ಮೇಲೆಯೇ ಇತ್ತು. ಅವನ ಬೆನ್ನ ಹಿಂದೆ ಜಿಲ್ಲೆಯೆಲ್ಲ ಹಸಿರಾಗಿತ್ತು.

“ಇದನ್ನ ಬರದ್ರ ಏನಾಗತೈತಿ ನಿಮಗ ಗೊತ್ತಿಲ್ರಿ,” ಎಂದ, ಮೆಲ್ಲಗೆ. “ಒಂದ ಹಸಿರು ಸುಳ್ಳಾದ್ರ ಎಲ್ಲಾ ಹಸಿರಿಗೂ ಅದ ಪ್ರಶ್ನೆ ಕೇಳಬೇಕಾಗತೈತಿ. ನೀನೂ ಹಳೇ ನಿನ್ನನ್ನ ನೋಡಿ ಬರದಿ ಏನು ಅಂತ. ಪ್ರತಿಯೊಂದ ಹುಡುಗನ್ನ.”

“ಕೇಳ್ರಿ. ನಮ್ಮ ಸಾಲ್ಯಾಗ ನಾನ ಕೇಳ್ತೀನಿ. ಕೈ ಎತ್ತದಾಂವ ಒಬ್ಬ ಸಿಕ್ರ ನಿಮಗ ತೋರಸ್ತೀನಿ.”

“ನನ್ನ ನೌಕರಿ ಅಕ್ಕೋರ.”

“ನಿಮ್ಮ ನೌಕರಿ ಏನು? ಹಸಿರು ಕಾಯೂದೋ, ಖರೇ ಹೇಳೂದೋ?”

ಅವನು ಎದ್ದು ಕಿಟಕಿಯ ತನಕ ಹೋದ, ಬಂದ. ಪರದೆಯ ಮೇಲಿದ್ದ ಎರಡು ಬರಹಗಳ ಮುಂದೆ ನಿಂತು ಮೊದಲ ಸಲ ಎಂಬಂತೆ ಓದಿದ. ‘ಸಣ್ಣ ಮನೆ ಈಗ ದೊಡ್ಡದಾಗಿದೆ’ ಎಂಬಲ್ಲಿ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅವನು ಆ ಸಾಲಿನ ಉದ್ದವನ್ನಷ್ಟೇ ಬಲ್ಲವನು. ಅದರೊಳಗೆ ಒಂದು ಮನೆ ಇದ್ದದ್ದು ಈಗ ಕಂಡಿತೋ ಏನೋ. ಬಂದು ಕುಳಿತ. ವರದಿಯ ಹಾಳೆಯನ್ನು ಪರದೆಯ ಮೇಲೆ ತೆಗೆದ.

“ಹೇಳ್ರಿ. ನನಗ ಇಂಥಾದ್ದನ್ನ ಬರದು ರೂಢಿ ಇಲ್ಲ.”

ಅಕ್ಕೋರು ಎದ್ದು ನಿಂತರು. ಒಂದೊಂದೇ ಮಾತನ್ನು ಬಿಡಿಸಿ, ಕೈ ಓಡುವಷ್ಟು ಸಮಯ ಕೊಟ್ಟು ಹೇಳಿದರು.

“‘ವಿದ್ಯಾರ್ಥಿನಿ ಮೆಹರೂನ್ ನದಾಫ, ಹಸಿರು ಪಡೆದ ಬರಹವನ್ನು ತನ್ನ ಹಳೆಯ ಬರಹದ ನಕಲು ಎಂದು ಒಪ್ಪಿಕೊಂಡಿದ್ದಾಳೆ.’ ಪೂರ್ಣವಿರಾಮ. ‘ಕೆಂಪು ಪಡೆದ ಬರಹಗಳು ಆಕೆಯ ಸ್ವಂತದವು. ಆಕೆಯ ಶಿಕ್ಷಕಿಯಾದ ನಾನು ಯಂತ್ರದ ಎರಡೂ ತೀರ್ಪುಗಳನ್ನು ಒಪ್ಪುವುದಿಲ್ಲ.’ ಬರದ್ರೇನು?”

“ಬರದೆ.”

“ಕೆಳಗ ನನ್ನ ಹೆಸರು. ಹೆಬ್ಬೆಟ್ಟಲ್ಲ, ಸಹಿ ಮಾಡ್ತೀನಿ. ನಾ ಅಕ್ಷರ ಕಲಸೂ ಹೆಂಗಸು.”

ಸಹಿ ಆಯಿತು. ಮೆಹರೂನ್ ಪಾಟಿಯನ್ನು ಮೇಜಿನ ಮೇಲೆ ಇಟ್ಟು ದುಪಟ್ಟಾ ಸರಿಮಾಡಿಕೊಂಡು ಎದ್ದಳು. ಮನೆಗೆ ಹೋಗಿ ತಾಯಿಯ ಮುಂದೆ ಕೂರುವ ಹೊತ್ತು ಅವಳ ಮುಖದಲ್ಲಿ ಆಗಲೇ ಕಾಣುತ್ತಿತ್ತು. ಬಳಿಗಾರ ವರದಿಯನ್ನು ಕಳಿಸಲು ಬೆರಳೆತ್ತಿದ, ನಿಲ್ಲಿಸಿದ.

“ಒಂದ ಜಾಗಾ ಖಾಲಿ ಉಳದೈತ್ರಿ ಅಕ್ಕೋರ. ಅದನ್ನ ತುಂಬಲಿಲ್ಲಂದ್ರ ಇದು ಮುಂದ ಹೋಗೂದಿಲ್ಲ. ಗುರುತು ಹೊಂದಲಿಲ್ಲ, ಅದಕ್ಕ ಕಾರಣ ಏನು ಅಂತ ಕೇಳತೈತಿ. ಯಂತ್ರ ಬರದುಕೊಟ್ಟೈತಿ, ಮನಿಯವ್ರು ಬರದುಕೊಟ್ಟಾರ, ಗೆಳೆಯರು ಬರದುಕೊಟ್ಟಾರ. ಈ ಮೂರ ಅದಾವು. ಇಕಿಗೆ ಯಾವುದೂ ಹೊಂದೂದಿಲ್ಲ.”

“ನಾಲ್ಕನೇದು ಸೇರಸ್ರಿ,” ಎಂದರು ಅಕ್ಕೋರು.

“ಏನಂತ ಬರೀಲಿ?”

“‘ಬೆಳೆದಿದ್ದಾಳೆ’ ಅಂತ ಬರೀರಿ.”